ಮಣ್ಣು ಸೋಸದ ನೀರು

ಮೇಲುಕೋಟೆಗೆ ಹೋದವರು ಅಕ್ಕ-ತಂಗಿ ಕೊಳಗಳನ್ನು ನೋಡದೆ ಬರುವುದು ಕಡಿಮೆ. ಪಕ್ಕಪಕ್ಕದಲ್ಲೇ ಇರುವ ಈ ಎರಡು ಕೊಳಗಳಲ್ಲಿ ಒಂದರ ನೀರು ಕುಡಿಯುವುದಕ್ಕೆ ಆಗುತ್ತದೆ, ಇನ್ನೊಂದರದು ಆಗುವುದಿಲ್ಲ ಎಂಬುದು ತಲೆಮಾರುಗಳಿಂದ ಕೇಳಿಬಂದ ಮಾತು. ಅದಕ್ಕೆ ಕಾರಣವೂ ಕಥೆಯಲ್ಲೇ ಇದೆ. ಕೊಳ ಕಟ್ಟಿಸಿದ ಸೋದರಿಯರಲ್ಲಿ ಒಬ್ಬಳು ತುಂಬು ಮನಸ್ಸಿನಿಂದ ಕಟ್ಟಿಸಿದಳಂತೆ, ಇನ್ನೊಬ್ಬಳು ಖರ್ಚಿನ ಲೆಕ್ಕ ಹಾಕುತ್ತಲೇ ಕಟ್ಟಿಸಿದಳಂತೆ. ಕಥೆಯ ನಿಜಸುಳ್ಳು ಏನೇ ಇರಲಿ, ಅದರ ಹಿಂದಿನ ಗಮನಿಕೆ ಮಾತ್ರ ಚುರುಕಾದದ್ದು. ನೋಟಕ್ಕೆ ಒಂದೇ ತೆರನಾದ ಎರಡು ನೀರು ಕೆಲವೇ ಅಡಿಗಳ ಅಂತರದಲ್ಲಿ ಬೇರೆ ಬೇರೆ ಗುಣದವಾಗಿರಬಹುದು, ಮತ್ತು ಆ ವ್ಯತ್ಯಾಸಕ್ಕೆ ಕಾರಣ ಹುಡುಕಬೇಕಾದರೆ ನೀರು ಕಾಣಿಸಿಕೊಂಡ ಜಾಗವನ್ನು ಬಿಟ್ಟು ಅದು ಬಂದ ದಾರಿಯನ್ನು ನೋಡಬೇಕು. ಜನಪದರು ಆ ದಾರಿಯನ್ನು ಕಟ್ಟಿಸಿದವಳ ಮನಸ್ಸಿನಲ್ಲಿ ಹುಡುಕಿದರು. ಜಲವಿಜ್ಞಾನಿಗಳು ನೆಲದ ಕೆಳಗೆ ಹುಡುಕುತ್ತಾರೆ.

ಮೈಸೂರು, ಮಂಡ್ಯ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕಾವೇರಿ, ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ. ಆದರೆ ಗದ್ದೆಗೆ ನಾಲೆಯ ನೀರು ಹರಿಯುವ ಎಷ್ಟೋ ಊರುಗಳಲ್ಲಿ ಮನೆಯ ಕೊಡಕ್ಕೆ ಬೀಳುವುದು ಕೊಳವೆ ಬಾವಿಯ ನೀರು. ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳು ನದಿಯ ನೀರನ್ನು ಹಳ್ಳಿಗಳಿಗೆ ತರುತ್ತಿದ್ದರೂ, ಮೈಸೂರಿನ ಹೊರವಲಯದ ಹೊಸ ಬಡಾವಣೆಗಳಿಂದ ಹಿಡಿದು ನಾಗಮಂಗಲದ ಒಣಭೂಮಿಯ ತೋಟದ ಮನೆಗಳವರೆಗೆ ಬೋರ್‌ವೆಲ್‌ನ ಮೇಲಿನ ಅವಲಂಬನೆ ತಪ್ಪಿಲ್ಲ. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕುಡಿಯುವ ನೀರು ಕಲುಷಿತಗೊಂಡು ಹತ್ತಾರು ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದು, ಒಬ್ಬ ಯುವಕ ಜೀವ ಕಳೆದುಕೊಂಡದ್ದು ಈ ಭಾಗದವರಿಗೆ ಇನ್ನೂ ನೆನಪಿನಲ್ಲಿದೆ. ಇಂಥದ್ದು ನಡೆದಾಗ ನಾವು ಮೊದಲು ನೋಡುವುದು ಒಡೆದ ಪೈಪನ್ನು, ತೊಳೆಯದ ಟ್ಯಾಂಕನ್ನು, ಚರಂಡಿಯನ್ನು. ಹಾಗೆ ನೋಡುವುದು ಸರಿಯೇ. ಆದರೆ ನೆಲದೊಳಗಿನಿಂದ ಬಂದ ನೀರು ಮೂಲತಃ ಶುದ್ಧವಾಗಿಯೇ ಇರುತ್ತದೆ, ಮೇಲೆ ಬಂದ ಮೇಲೆ ಕೆಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬಲವಾಗಿದೆಯೆಂದರೆ, ಬಾವಿಯ ಬಾಯಿಯ ಸುತ್ತ ಏನಿದೆ ಎಂದು ಬಗ್ಗಿ ನೋಡುವವರು ವಿರಳ. ಆ ನಂಬಿಕೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಅರಿಯಲು ಒಂದು ಸುತ್ತು ಹಾಕಿ, ನಮ್ಮದಲ್ಲದ ಒಂದು ಬಗೆಯ ನೆಲದ ಕಥೆಯಿಂದ ಆರಂಭಿಸುವುದು ಲೇಸು. ಅದು ಸುಣ್ಣಕಲ್ಲಿನ ನೆಲ.

ಮೈಸೂರಿನ ಹಳೆಯ ವಠಾರದ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲವಿರುವ ಅಡುಗೆಮನೆಯನ್ನು ನೋಡಿದವರಿಗೆ ಈ ಕಥೆಯ ಅರ್ಧಭಾಗ ಆಗಲೇ ಗೊತ್ತಿರುತ್ತದೆ. ಕಲಬುರಗಿ ಸೀಮೆಯಿಂದ ಬರುವ ಆ ಬೂದುಬಣ್ಣದ ಹಾಸುಗಲ್ಲು ಸುಣ್ಣಕಲ್ಲಿನ ಜಾತಿಯದು. ಉಜ್ಜಿ ಉಜ್ಜಿ ನಯವಾದ ಅದರ ಮೇಲೆ ನಿಂಬೆಹಣ್ಣಿನ ರಸವೋ ಹುಣಿಸೆಹುಳಿಯೋ ಚೆಲ್ಲಿ, ಒರೆಸದೆ ಬಿಟ್ಟರೆ, ಮಾರನೆಯ ದಿನ ಅಲ್ಲೊಂದು ಮಂಕು ಮಚ್ಚೆ ಉಳಿಯುತ್ತದೆ. ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ, ಏಕೆಂದರೆ ಅದು ಅಂಟಿಕೊಂಡ ಕೊಳೆಯಲ್ಲ. ಹುಳಿಗೆ ಕಲ್ಲು ಕರಗಿ ಹೋದ ಜಾಗ. ಮಳೆನೀರೂ ಇದೇ ಕೆಲಸವನ್ನು ಬಹಳ ನಿಧಾನವಾಗಿ ಮಾಡುತ್ತದೆ. ಗಾಳಿಯಿಂದಲೂ, ಅದಕ್ಕಿಂತ ಹೆಚ್ಚಾಗಿ ಬೇರುಗಳು ಉಸಿರಾಡುವ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ಮೆಲುಹುಳಿಯಾಗುತ್ತದೆ. ಸುಣ್ಣಕಲ್ಲಿನ ಬಿರುಕಿನೊಳಗೆ ಇಳಿದು, ಕಲ್ಲನ್ನು ಕ್ಯಾಲ್ಸಿಯಂ ಬೈಕಾರ್ಬೊನೇಟ್ ರೂಪದಲ್ಲಿ ಕರಗಿಸಿ ಒಯ್ಯುತ್ತದೆ. ಸಾವಿರಾರು ವರ್ಷ ಹೀಗೆ ನಡೆದರೆ ಕೂದಲೆಳೆಯ ಬಿರುಕು ಕೈ ತೂರುವಷ್ಟಾಗುತ್ತದೆ, ಮತ್ತೆ ಮನುಷ್ಯ ನಡೆಯುವಷ್ಟಾಗುತ್ತದೆ. ಆಂಧ್ರದ ಬೆಲುಂ ಮತ್ತು ಬೊರ್ರಾ ಗುಹೆಗಳು, ಮೇಘಾಲಯದ ಮೈಲುಗಟ್ಟಲೆ ಉದ್ದದ ಗವಿಗಳು ಆದದ್ದು ಹೀಗೆ. ಸ್ಲೊವೇನಿಯಾ ಮತ್ತು ಇಟಲಿಯ ಗಡಿಯಲ್ಲಿರುವ ಕ್ರಾಸ್ ಎಂಬ ಪ್ರಸ್ಥಭೂಮಿಯ ಹೆಸರಿನಿಂದ ಇಂಥ ನೆಲಕ್ಕೆ ‘ಕಾರ್ಸ್ಟ್’ ಎಂದು ಹೆಸರಾಯಿತು. ನಮ್ಮ ರಾಜ್ಯದಲ್ಲಿ ಸುಣ್ಣಕಲ್ಲು ಕಲಬುರಗಿಯ ಸೇಡಂ, ಚಿತ್ತಾಪುರ, ಬಾಗಲಕೋಟೆಯ ಲೋಕಾಪುರ ಮುಂತಾದ ಕಡೆ ಹರಡಿದೆ. ಉತ್ತರ ಕನ್ನಡದ ಯಾಣದ ಕಪ್ಪು ಶಿಖರಗಳೂ ಇದೇ ಕುಲದವು.

ಇಂಥ ನೆಲದಲ್ಲಿ ನೀರು ಬಹಳ ಚೆಲುವಾಗಿ ಹೊರಬರುತ್ತದೆ. ಬೆಟ್ಟದ ಬುಡದಲ್ಲಿ ಒಮ್ಮೆಗೇ ಒಂದು ಹೊಳೆಯೇ ಉಕ್ಕಿದಂತೆ ಬರುವ, ತಣ್ಣನೆಯ, ತಳದ ಹರಳು ಕಾಣುವಷ್ಟು ತಿಳಿಯಾದ ಊಟೆಗಳು ಸುಣ್ಣಕಲ್ಲಿನ ನಾಡಿನ ವಿಶೇಷ. ಜಗತ್ತಿನ ಜನಸಂಖ್ಯೆಯ ಸುಮಾರು ಹತ್ತರಲ್ಲಿ ಒಂದು ಪಾಲು ಇಂಥ ನೀರನ್ನು ಕುಡಿಯುತ್ತದೆ. ಆಸ್ಟ್ರಿಯಾದ ವಿಯೆನ್ನಾ ನಗರ 1873ರಿಂದ ಆಲ್ಪ್ಸ್ ಪರ್ವತದ ಊಟೆಗಳ ನೀರನ್ನು ಕೊಳವೆಯಲ್ಲಿ ತರಿಸಿಕೊಂಡು ಕುಡಿಯುತ್ತಿದೆ, ಮತ್ತು ಆ ಊಟೆಗಳ ಮೇಲಿರುವ ಕಾಡನ್ನು ನೀರಿಗಾಗಿಯೇ ಕಾಯ್ದುಕೊಂಡು ಬಂದಿದೆ. ಕಾಡನ್ನು ಏಕೆ ಕಾಯಬೇಕು? ಊಟೆಯ ಸುತ್ತ ಬೇಲಿ ಹಾಕಿದರೆ ಸಾಲದೇ? ಸಾಲದು ಎಂಬುದು ಜರ್ಮನಿಯಲ್ಲಿ ಎದ್ದು ಕಂಡಿತು.

ಅಲ್ಲಿ ಡ್ಯಾನ್ಯೂಬ್ ನದಿ ತನ್ನ ಹರಿವಿನ ಆರಂಭದಲ್ಲೇ ಒಂದು ಕಡೆ ಸುಣ್ಣಕಲ್ಲಿನ ಬಿರುಕುಗಳೊಳಗೆ ಇಳಿದು ಬೇಸಿಗೆಯಲ್ಲಿ ಬತ್ತಿಹೋಗುತ್ತದೆ. ಹನ್ನೆರಡು ಕಿಲೋಮೀಟರ್ ಆಚೆ ಆಖ್ ಎಂಬಲ್ಲಿ ದೊಡ್ಡದೊಂದು ಊಟೆ ಇದೆ. ಎರಡಕ್ಕೂ ಸಂಬಂಧವಿದೆಯೇ ಎಂಬುದು ಎರಡೂ ಕಡೆಯ ಗಿರಣಿಯವರ ನಡುವೆ ಜಗಳದ ವಿಷಯವಾಗಿತ್ತು. 1877ರ ಅಕ್ಟೋಬರ್‌ನಲ್ಲಿ ಹತ್ತು ಕಿಲೋ ಫ್ಲೋರಸಿನ್ ಬಣ್ಣವನ್ನು ನದಿ ಇಂಗುವ ಜಾಗದಲ್ಲಿ ಸುರಿದರು. ಸುಮಾರು 60 ಗಂಟೆಗಳ ಬಳಿಕ ಊಟೆ ಹಸಿರು ಬೆಳಕು ಚೆಲ್ಲತೊಡಗಿತು. ಗಂಟೆಗೆ ಇನ್ನೂರು ಮೀಟರ್ ವೇಗ ಎಂದಾಯಿತು, ಅದೂ ನೆಲದೊಳಗೆ. ಮೈಲುಗಟ್ಟಲೆ ನಡೆದು ಬಂದ ಬಣ್ಣ ಮೈಲುಗಟ್ಟಲೆ ನಡೆದು ಬಂದ ಮೇಲೂ ಬಣ್ಣವಾಗಿಯೇ ಇತ್ತು. ಅದರ ಜಾಗದಲ್ಲಿ ಸತ್ತ ಎಮ್ಮೆಯೋ ಊರಿನ ಕೊಚ್ಚೆಯೋ ಇದ್ದಿದ್ದರೆ ಅದೂ ಹಾಗೆಯೇ ಬಂದು ತಲಪುತ್ತಿತ್ತು.

ಮಣ್ಣು ಮತ್ತು ಮರಳಿನಲ್ಲಿ ಇಂಗುವ ನೀರು ದಿನಕ್ಕೆ ಒಂದೆರಡು ಮೀಟರ್, ಬಹಳ ಸಲ ಅದಕ್ಕೂ ಕಡಿಮೆ ಚಲಿಸುತ್ತದೆ. ಆ ನಿಧಾನದಲ್ಲೇ ಶುದ್ಧೀಕರಣವಿದೆ. ಕಣಗಳ ನಡುವೆ ಸಿಕ್ಕಿಕೊಂಡು ರೋಗಾಣುಗಳು ಸಾಯುತ್ತವೆ, ಮಣ್ಣಿನ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಮುಗಿಸುತ್ತವೆ, ಜೇಡಿಯ ಕಣಗಳು ಕೆಲವು ವಿಷಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಸುಣ್ಣಕಲ್ಲಿನ ಕೊಳವೆಗಳಲ್ಲಿ ಈ ಯಾವುದಕ್ಕೂ ಸಮಯವಿಲ್ಲ. ಆದ್ದರಿಂದಲೇ ಕಾರ್ಸ್ಟ್ ಪ್ರದೇಶದ ಊಟೆಯ ಗುಣ ದಿನದಿಂದ ದಿನಕ್ಕೆ, ಕೆಲವೊಮ್ಮೆ ಗಂಟೆಯಿಂದ ಗಂಟೆಗೆ ಬದಲಾಗುತ್ತದೆ. ತಿಂಗಳುಗಟ್ಟಲೆ ಕನ್ನಡಿಯಂತಿದ್ದ ನೀರು ಬೆಟ್ಟದ ಮೇಲೆ ಬಿದ್ದ ಒಂದು ಜೋರು ಮಳೆಗೆ ಕೆಂಪಾಗುತ್ತದೆ, ಆ ಕೆಂಪಿನ ಜೊತೆಗೇ ರೋಗಾಣುಗಳ ಎಣಿಕೆಯೂ ಏರುತ್ತದೆ. ಒಳ್ಳೆಯ ದಿನ ನೋಡಿ ಹಿಡಿದ ಒಂದು ಸೀಸೆ ನೀರಿನ ಪರೀಕ್ಷೆಯಿಂದ ಇಂಥ ಊಟೆಯ ಬಗ್ಗೆ ಏನೂ ತಿಳಿಯುವುದಿಲ್ಲ.

ಈ ಪಾಠಕ್ಕೆ ಅತಿ ದೊಡ್ಡ ಬೆಲೆ ತೆತ್ತ ಊರು ಕೆನಡಾದ ಒಂಟಾರಿಯೊ ಪ್ರಾಂತದ ವಾಕರ್ಟನ್. ಸುಮಾರು ಐದು ಸಾವಿರ ಜನರ ಆ ಸಣ್ಣ ಊರಿಗೆ ನೀರು ಕೊಡುತ್ತಿದ್ದ ಬಾವಿಗಳಲ್ಲಿ ಒಂದು ಕೇವಲ 15 ಮೀಟರ್ ಆಳದ್ದು. ಬಿರುಕುಬಿಟ್ಟ ಸುಣ್ಣಕಲ್ಲಿನಿಂದ ಅದಕ್ಕೆ ನೀರು ಬರುತ್ತಿತ್ತು, ಮೇಲೆ ಇದ್ದ ಮಣ್ಣಿನ ಹೊದಿಕೆ ತೆಳುವಾಗಿತ್ತು. 2000ನೇ ಇಸವಿಯ ಮೇ ತಿಂಗಳ ಎರಡನೆಯ ವಾರದಲ್ಲಿ ಭಾರಿ ಮಳೆ ಬಿತ್ತು. ಹತ್ತಿರದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದಲ್ಲಿದ್ದ ಇ. ಕೋಲಿ ಮತ್ತು ಕ್ಯಾಂಪೈಲೊಬ್ಯಾಕ್ಟರ್ ಎಂಬ ರೋಗಾಣುಗಳು ಆ ಮಳೆನೀರಿನ ಜೊತೆ ಬಾವಿ ಸೇರಿದವು. ಕ್ಲೋರಿನ್ ಹಾಕಬೇಕಾದಷ್ಟು ಹಾಕುತ್ತಿರಲಿಲ್ಲ, ದಾಖಲೆಯಲ್ಲಿ ಹಾಕಿದಂತೆ ಬರೆಯಲಾಗುತ್ತಿತ್ತು. ಏಳು ಜನ ಸತ್ತರು, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನ್ಯಾಯಮೂರ್ತಿ ಡೆನಿಸ್ ಒ’ಕಾನರ್ ಅವರ ವಿಚಾರಣಾ ಆಯೋಗ ಎಲ್ಲವನ್ನೂ ಕೆದಕಿ ನೋಡಿತು. ಅದರ ವರದಿಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು, ಗೊಬ್ಬರ ಹಾಕಿದ ರೈತನದು ತಪ್ಪಿಲ್ಲವೆಂದು ಅದು ಹೇಳಿದ ಮಾತು. ಆತ ಎಲ್ಲ ರೈತರೂ ಮಾಡುವುದನ್ನು, ಮಾಡಬೇಕಾದ ರೀತಿಯಲ್ಲೇ ಮಾಡಿದ್ದ. ಬಾವಿಯನ್ನು ಆ ಜಾಗದಲ್ಲಿ, ಆ ಕಲ್ಲಿನಲ್ಲಿ ತೋಡಿ, ಅದಕ್ಕೆ ತಕ್ಕ ಕಾವಲು ಇಡದೆ ಹೋದದ್ದು ಮೂಲದ ದೋಷ.

ಈಗ ನಮ್ಮ ನೆಲಕ್ಕೆ ಬರೋಣ. ಮೈಸೂರು, ಮಂಡ್ಯದ ಅಡಿಯಲ್ಲಿರುವುದು ಬಹುಪಾಲು ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿಶಿಲೆ. ಅಲ್ಲಲ್ಲಿ ಚಾಮುಂಡಿ ಬೆಟ್ಟದಂಥ ಗ್ರಾನೈಟ್, ಸರಗೂರಿನ ಸುತ್ತಲಿನಂಥ ಅತಿ ಹಳೆಯ ಪದರಶಿಲೆ. ಇವು ಸುಣ್ಣಕಲ್ಲಿನಂತೆ ಕರಗುವುದಿಲ್ಲ, ಗುಹೆಗಳಾಗುವುದಿಲ್ಲ. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಅರೆಬರೆ ಕೊಳೆತಂತೆ ಪುಡಿಪುಡಿಯಾಗುವ ಶಿಥಿಲಶಿಲೆ, ಅದನ್ನು ದಾಟಿದರೆ ಗಟ್ಟಿಬಂಡೆ. ನಮ್ಮ ಹಿರಿಯರ ತೆರೆದ ಬಾವಿಗಳೆಲ್ಲ ಶಿಥಿಲಶಿಲೆಯ ಪದರದಲ್ಲೇ ನಿಂತಿದ್ದವು. ಅಲ್ಲಿಗೆ ನೀರು ಮಣ್ಣಿನ ಮೂಲಕ ನಿಧಾನವಾಗಿ ಜಿನುಗಿ ಬರುತ್ತಿತ್ತು. ಗಟ್ಟಿಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಬೋರ್ ಕೊರೆಯುವವರು ಅದನ್ನು ‘ಗ್ಯಾಪ್’ ಎನ್ನುತ್ತಾರೆ. ‘ಇನ್ನೂರಾ ಎಂಬತ್ತರಲ್ಲಿ ಗ್ಯಾಪ್ ಸಿಕ್ತು, ಎರಡಿಂಚು ನೀರು’ ಎಂಬ ಮಾತು ಹಳ್ಳಿಯಲ್ಲಿ ಮಗನಿಗೆ ಕೆಲಸ ಸಿಕ್ಕಿತೆಂಬ ಸುದ್ದಿಯಷ್ಟೇ ಸಂತೋಷದಿಂದ ಹೇಳಲ್ಪಡುತ್ತದೆ. ಈ ಗ್ಯಾಪ್‌ಗಳು ಸುಣ್ಣಕಲ್ಲಿನ ಕೊಳವೆಗಳಷ್ಟು ಅಗಲವಿಲ್ಲದಿದ್ದರೂ ಒಂದು ಗುಣದಲ್ಲಿ ಅವನ್ನೇ ಹೋಲುತ್ತವೆ: ಅವುಗಳೊಳಗೆ ಹೊಕ್ಕ ನೀರನ್ನು ಸೋಸಲು ಅಲ್ಲಿ ಏನೂ ಇಲ್ಲ. ಸೋಸುವ ಕೆಲಸವೆಲ್ಲ ಮೇಲಿನ ಮೂವತ್ತು ನಲವತ್ತು ಅಡಿ ಮಣ್ಣು ಮತ್ತು ಶಿಥಿಲಶಿಲೆಯದು. ಆ ಹೊದಿಕೆ ಇರುವವರೆಗೆ ನಮ್ಮ ನೆಲ ಸುಣ್ಣಕಲ್ಲಿನ ನೆಲಕ್ಕಿಂತ ಎಷ್ಟೋ ಸುರಕ್ಷಿತ. ನನ್ನ ವಾದವಿಷ್ಟೇ: ಪ್ರಕೃತಿ ನಮಗೆ ಕೊಡದ ಕಾರ್ಸ್ಟ್ ನೆಲವನ್ನು ನಾವೇ ಆರಿಂಚಿನ ತೂತುಗಳ ಮೂಲಕ ಮಾಡಿಕೊಂಡಿದ್ದೇವೆ.

ಬೋರ್‌ವೆಲ್‌ನ ಮೇಲ್ಭಾಗದಲ್ಲಿ ಮಣ್ಣು ಕುಸಿಯದಿರಲೆಂದು ಗಟ್ಟಿಬಂಡೆ ಸಿಗುವವರೆಗೆ ಕೇಸಿಂಗ್ ಪೈಪು ಇಳಿಸುತ್ತಾರೆ. ಕೊರೆದ ತೂತು ಪೈಪಿಗಿಂತ ಅಗಲವಾಗಿರುವುದರಿಂದ ಪೈಪಿನ ಹೊರಮೈಗೂ ಮಣ್ಣಿಗೂ ನಡುವೆ ಒಂದು ಸಂದು ಉಳಿಯುತ್ತದೆ. ಆ ಸಂದಿಗೆ ಸಿಮೆಂಟಿನ ಗಂಜಿಯನ್ನೋ ಜಿಗುಟು ಜೇಡಿಯನ್ನೋ ತುಂಬಿ ಮುಚ್ಚಬೇಕು. ನಾನು ನೋಡಿದ ಬಹುತೇಕ ತೋಟಗಳಲ್ಲಿ ಕೊರೆದ ಪುಡಿಯನ್ನೇ ಕಾಲಿನಿಂದ ಸಂದಿಗೆ ನೂಕಿ ಲಾರಿಯವರು ಮುಂದಿನ ಊರಿಗೆ ಹೊರಡುತ್ತಾರೆ. ಮಳೆ ಬಂದಾಗ ಪೈಪಿನ ಸುತ್ತ ನಿಂತ ನೀರು ಮಣ್ಣಿನ ಸಹವಾಸವಿಲ್ಲದೆ, ಪೈಪಿನ ಹೊರಮೈಗುಂಟ ನೇರವಾಗಿ ಇಳಿದು, ಪೈಪು ಬಂಡೆಗೆ ಕೂತ ಜಾಗದಲ್ಲಿ ಒಳಗೆ ಸೇರುತ್ತದೆ. ಫೇಲಾದ ಬೋರ್‌ಗಳದ್ದು ಇನ್ನೂ ಕೆಟ್ಟ ಪಾಡು. ನೀರು ಸಿಗಲಿಲ್ಲವೆಂದ ಮೇಲೆ ಕೇಸಿಂಗ್ ಪೈಪನ್ನೂ ಮೇಲೆತ್ತಿ ಇನ್ನೊಂದು ಕಡೆಗೆ ಒಯ್ಯುತ್ತಾರೆ. ಉಳಿಯುವುದು ಬಾಯ್ದೆರೆದ ಒಂದು ಕೊಳವೆ, ಅದಕ್ಕೊಂದು ಯೂರಿಯಾ ಚೀಲದ ಮುಚ್ಚಳ, ಹಾರಿಹೋಗದಿರಲೆಂದು ಒಂದು ಕಲ್ಲು. ಸುಣ್ಣಕಲ್ಲಿನ ನಾಡಿನಲ್ಲಿ ನೆಲ ಕುಸಿದು ಆಗುವ ಇಂಗುಗುಂಡಿಗಳು ಮೇಲಿನ ಕೊಳೆಯನ್ನು ಒಳಗೆ ಸೆಳೆಯುವ ಹಾಗೆಯೇ ಇವೂ ಸೆಳೆಯುತ್ತವೆ.

ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ನನ್ನ ಭಾಮೈದನ ತೋಟದಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಬೋರ್ ಕೊರೆಸಿ ಆರು ವರ್ಷವಾಗಿತ್ತು. ಕೇಸಿಂಗಿನಿಂದ ಮೂವತ್ತು ಹೆಜ್ಜೆಯ ಮೇಲುಗಡೆ ಕೊಟ್ಟಿಗೆ, ಅದರ ಪಕ್ಕ ತಿಪ್ಪೆ, ಬದುವಿನಾಚೆ ಪಕ್ಕದವರ ಫೇಲಾದ ಬೋರ್. ‘ಕನ್ನಡಿ ಇದ್ದಂಗದೆ ಭಾವ, ಇದುಕ್ಯಾವ ಪರೀಕ್ಷೆ’ ಎಂದು ಅವನು ನಕ್ಕರೂ ನಾನು ಫೆಬ್ರವರಿಯಲ್ಲಿ ರೋಗಾಣು ಪತ್ತೆಹಚ್ಚುವ ಪರೀಕ್ಷೆಯ ಒಂದು ಸೀಸೆಗೆ ನೀರು ಹಿಡಿದೆ. ಔಷಧಿ ಅಂಗಡಿಯ ಸಿರಪ್ ಸೀಸೆಯಂಥದ್ದು. ಒಳಗೆ ಒಂದು ಹಳದಿ ಪುಡಿ ಅಥವಾ ಕಾಗದದ ಪಟ್ಟಿ ಇರುತ್ತದೆ. ಗುರುತಿನವರೆಗೆ ನೀರು ತುಂಬಿ ಮುಚ್ಚಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಇಡಬೇಕು. ಮಲದ ಮೂಲದ ಸೂಕ್ಷ್ಮಾಣುಗಳಿದ್ದರೆ ನೀರು ಮಸಿಯಂತೆ ಕಪ್ಪಾಗುತ್ತದೆ. ಫೆಬ್ರವರಿಯ ಸೀಸೆ ಕಪ್ಪಾಗಲಿಲ್ಲ, ಭಾಮೈದ ಗೆದ್ದ. ಜೂನ್ ಮೊದಲ ವಾರ ಎರಡು ದಿನ ಸತತ ಮಳೆ ಹಿಡಿದ ಬಳಿಕ ಅದೇ ನಲ್ಲಿಯಿಂದ ಹಿಡಿದ ನೀರು ಮಾರನೆಯ ಬೆಳಗ್ಗೆ ಹೊತ್ತಿಗೆ ಕಪ್ಪಾಗಿತ್ತು. ಹಿಡಿಯುವಾಗ ಅದೂ ಕನ್ನಡಿಯಂತೆಯೇ ಇತ್ತು. ನಮ್ಮ ಶಿಥಿಲಶಿಲೆ ಕೆಸರನ್ನು ಹಿಡಿದಿಟ್ಟುಕೊಂಡು ರೋಗಾಣುವನ್ನು ಬಿಟ್ಟಿತ್ತು. ಸುಣ್ಣಕಲ್ಲಿನ ಊಟೆಯಾದರೂ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ. ನಮ್ಮ ಬೋರ್ ಅದನ್ನೂ ಕೊಡುವುದಿಲ್ಲ.

ಈ ಮಾತಿಗೆ ಸೇರಿದ ಇನ್ನೊಂದು ಸಂಗತಿಯನ್ನು ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ಬತ್ತಿದ ಬೋರ್‌ಗೆ ಮಳೆನೀರು ಮರುಪೂರಣ ಮಾಡುವ ಪದ್ಧತಿ ಈ ಭಾಗದಲ್ಲಿ ಸಾಕಷ್ಟು ಬೆಳೆದಿದೆ, ಅದರಿಂದ ಲಾಭವಾದವರೂ ಇದ್ದಾರೆ. ಕೇಸಿಂಗಿನ ಸುತ್ತ ಗುಂಡಿ ತೋಡಿ, ಪೈಪಿಗೆ ಸಣ್ಣ ತೂತುಗಳನ್ನು ಕೊರೆದು ಬಲೆ ಸುತ್ತಿ, ದಪ್ಪಗಲ್ಲು, ಜಲ್ಲಿ, ಮರಳು ತುಂಬಿ, ಹರಿದು ಬರುವ ನೀರನ್ನು ಅದರೊಳಗೆ ಬಿಡುತ್ತಾರೆ. ಚಾವಣಿಯ ನೀರನ್ನು ಹೀಗೆ ಬಿಟ್ಟರೆ ಆಕ್ಷೇಪವಿಲ್ಲ. ಕಬ್ಬಿನ ಗದ್ದೆಯ ಹರಿನೀರನ್ನೋ ರಸ್ತೆಯ ಮೋರಿಯ ನೀರನ್ನೋ ಬಿಟ್ಟರೆ, ನಾಲ್ಕಡಿ ಮರಳು ನಲವತ್ತು ಅಡಿ ಮಣ್ಣಿನ ಕೆಲಸವನ್ನು ಮಾಡಲಾರದು. ಅದು ಹೂಳನ್ನು ತಡೆಯುತ್ತದೆ. ನೀರಿನಲ್ಲಿ ಕರಗಿದ ಗೊಬ್ಬರವನ್ನೂ ಕ್ರಿಮಿನಾಶಕವನ್ನೂ ತಡೆಯುವುದಿಲ್ಲ. ನೀರಿನ ಪ್ರಮಾಣದ ಚಿಂತೆಯಲ್ಲಿ ಗುಣದ ಚಿಂತೆಯನ್ನು ನಾವು ಮುಂದಕ್ಕೆ ಹಾಕುತ್ತಾ ಬಂದಿದ್ದೇವೆ. ಕುಡಿಯುವ ನೀರಿನ ಬೋರ್‌ಗೆ ಇಂಥ ನೇರ ಮರುಪೂರಣ ಬೇಡ, ಕೆರೆಯ ಹೂಳೆತ್ತಿಸಿ ನೀರನ್ನು ಮಣ್ಣಿನ ಮೂಲಕವೇ ಇಂಗಿಸುವ ಹಳೆಯ ದಾರಿ ಇದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಅದು ನಿಧಾನ ಎಂಬುದೇ ಅದರ ಗುಣ.

ಗೊಬ್ಬರದ ಮಾತು ಬಂದ ಮೇಲೆ ನೈಟ್ರೇಟನ್ನು ಬಿಡುವಂತಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮಿತಿ. ಇದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಕೇಂದ್ರ ಅಂತರ್ಜಲ ಮಂಡಳಿ 2024ರಲ್ಲಿ ಪ್ರಕಟಿಸಿದ ಗುಣಮಟ್ಟದ ವರದಿಯಲ್ಲಿ ಕರ್ನಾಟಕದ ಮಾದರಿಗಳ ಪೈಕಿ ಹತ್ತಿರಹತ್ತಿರ ಅರ್ಧದಷ್ಟು ಈ ಮಿತಿಯನ್ನು ಮೀರಿದ್ದವು. ದೇಶದಲ್ಲೇ ಅತಿ ಹೆಚ್ಚು ನೈಟ್ರೇಟ್ ಕಂಡುಬಂದ ರಾಜ್ಯಗಳ ಸಾಲಿನಲ್ಲಿ ರಾಜಸ್ಥಾನದ ಜೊತೆಗೆ ನಾವಿದ್ದೇವೆ. ಮಂಡ್ಯದಂಥ ನೀರಾವರಿ ಸೀಮೆಯಲ್ಲಿ ಇದರ ದಾರಿ ಊಹಿಸಲು ಕಷ್ಟವಿಲ್ಲ. ಭತ್ತಕ್ಕೂ ಕಬ್ಬಿಗೂ ಸುರಿದ ಯೂರಿಯಾದಲ್ಲಿ ಬೆಳೆ ತೆಗೆದುಕೊಂಡು ಉಳಿದದ್ದು ನೈಟ್ರೇಟಾಗಿ, ನಾಲೆ ಬಿಟ್ಟಾಗ ಹೊಲದ ತುಂಬ ನಿಲ್ಲುವ ನೀರಿನ ಜೊತೆ ಕೆಳಗಿಳಿಯುತ್ತದೆ. ತಿಪ್ಪೆ ಮತ್ತು ಶೌಚಗುಂಡಿಗಳದ್ದೂ ಇದರಲ್ಲಿ ಪಾಲಿದೆ. ಶೌಚಗುಂಡಿಗೂ ಬಾವಿಗೂ ಇಷ್ಟು ಅಡಿ ಅಂತರವಿರಬೇಕು ಎಂಬ ಲೆಕ್ಕಗಳೆಲ್ಲ ಮಣ್ಣಿನಲ್ಲಿ ನಿಧಾನವಾಗಿ ಇಂಗುವ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಗುಂಡಿಯ ತಳ ಬಂಡೆಯ ಬಿರುಕನ್ನು ಮುಟ್ಟಿದರೆ ಆ ಲೆಕ್ಕ ನಡೆಯುವುದಿಲ್ಲ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹಾಲೂಡುವ ಬದಲು ಪುಡಿಹಾಲನ್ನು ಇಂಥ ನೀರಿನಲ್ಲಿ ಕಲಸಿ ಕುಡಿಸಿದ ಎಳೆಮಗುವಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ, ಮೈ ನೀಲಿಗಟ್ಟಬಹುದು. ಮನೆಯಲ್ಲಿ ಎಲ್ಲರೂ ನಂಬುವ ಉಪಾಯವಾದ ಕುದಿಸುವಿಕೆ ಇಲ್ಲಿ ತಿರುಗುಬಾಣ: ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಉಳಿಯುತ್ತದೆ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ.

ಜನ ತಾವಾಗಿಯೇ ಮಾಡುವ ನೀರಿನ ಪರೀಕ್ಷೆಗಳು ಬೇರೆ. ‘ಈ ನೀರಲ್ಲಿ ಬೇಳೆ ಬೇಯಲ್ಲ’ ಎನ್ನುವುದು ಅವುಗಳಲ್ಲಿ ಮುಖ್ಯವಾದದ್ದು, ಮತ್ತು ಅದು ನಿಖರವಾದ ರಸಾಯನಶಾಸ್ತ್ರ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತೊಗರಿಬೇಳೆಯ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಜೊತೆ ಬೆಸೆದುಕೊಂಡು ಅದು ಕರಗದಂತೆ ಮಾಡುತ್ತವೆ. ಬೇಳೆ ಎಷ್ಟು ಹೊತ್ತಾದರೂ ಕಾಳುಕಾಳಾಗಿಯೇ ಉಳಿಯುತ್ತದೆ. ಗೀಜರಿನ ಕಾಯಿಲ್ ಮೇಲೆ, ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಹೆಕ್ಕಳೆಯೂ ಇದೇ ಕ್ಯಾಲ್ಸಿಯಂ. ಸುಣ್ಣಕಲ್ಲನ್ನು ಮಳೆ ಕರಗಿಸಿದ ಕ್ರಿಯೆಯೇ ಅಲ್ಲಿ ಹಿಂದುಮುಂದಾಗಿ ನಡೆಯುತ್ತದೆ: ಬಿಸಿಯಾದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಣ್ಣ ಮತ್ತೆ ಕಲ್ಲಾಗುತ್ತದೆ. ಬೆಲುಂ ಗುಹೆಯಲ್ಲಿ ಚಾವಣಿಯಿಂದ ತೂಗುವ ಸುಣ್ಣದ ಕಂಬಕ್ಕೂ ನಮ್ಮ ಬಚ್ಚಲಿನ ಹಂಡೆಯ ಹೆಕ್ಕಳೆಗೂ ಇರುವ ನೆಂಟಸ್ತಿಕೆ ಇಷ್ಟು ಹತ್ತಿರದ್ದು. ಈ ಗಡಸುತನ ಗೃಹಿಣಿಯ ಶತ್ರುವೇ ಹೊರತು ಆರೋಗ್ಯಕ್ಕೆ ದೊಡ್ಡ ಕೇಡಲ್ಲ.

ವಿಚಿತ್ರವೆಂದರೆ, ಜನ ಬೈಯುವ ಈ ಕ್ಯಾಲ್ಸಿಯಂ ಇನ್ನೊಂದು ಕೇಡನ್ನು ತಡೆಯುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಬಹಳ ಹೊತ್ತು ಕರಗಿ ಉಳಿಯಲಾರದು. ಎರಡೂ ಸೇರಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಬೇರ್ಪಡುತ್ತವೆ. ಹೀಗಾಗಿ ಸುಣ್ಣಕಲ್ಲಿನ ನಾಡಿನ ನೀರು ಗಡಸಾದರೂ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ನಮ್ಮ ನೈಸ್ ಮತ್ತು ಗ್ರಾನೈಟ್‌ಗಳಲ್ಲಿ ಫ್ಲೋರೈಡ್ ಹೊತ್ತ ಖನಿಜಗಳಿವೆ. ಒಣಹವೆಯಲ್ಲಿ ಮಣ್ಣಿನೊಳಗೇ ಸುಣ್ಣದ ಹರಳುಗಳಾಗಿ ಕ್ಯಾಲ್ಸಿಯಂ ಬೇರ್ಪಟ್ಟುಬಿಟ್ಟರೆ, ಉಳಿದ ಮೆದುನೀರು ಆಳದ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಫ್ಲೋರೈಡನ್ನು ಎಳೆದುಕೊಳ್ಳುತ್ತದೆ. ಆ ನೀರು ಬಾಯಿಗೆ ಹಿತ, ಬೇಳೆಯನ್ನೂ ಚೆನ್ನಾಗಿ ಬೇಯಿಸುತ್ತದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡಿನಿಂದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುವವರೆಗೆ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕಾರ್ಸ್ಟ್ ನಾಡಿಗಿಂತ ನಮ್ಮ ಕಷ್ಟ ಹೆಚ್ಚು ಎಂದು ನಾನು ಹೇಳುವುದು ಇದಕ್ಕೇ. ಅಲ್ಲಿ ನೀರಿನ ಅವಸರ ಒಂದೇ ಸಮಸ್ಯೆ. ಇಲ್ಲಿ ಮೇಲಿನ ನೀರು ಅವಸರದಲ್ಲಿ ಇಳಿದು ರೋಗಾಣು ಮತ್ತು ನೈಟ್ರೇಟ್ ತರುತ್ತದೆ, ಅದರಿಂದ ತಪ್ಪಿಸಿಕೊಳ್ಳಲು ಇನ್ನಷ್ಟು ಆಳಕ್ಕೆ ಕೊರೆದರೆ ಅಲ್ಲಿನ ನಿಧಾನದ ನೀರು ಫ್ಲೋರೈಡ್ ತರುತ್ತದೆ.

ಇದಕ್ಕೆಲ್ಲ ಉತ್ತರವಾಗಿ ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನ್ ತುಂಬಿಸಿಕೊಳ್ಳುವ ಸಾಲು ಬೆಳಗಿನ ಹೊತ್ತು ಎಲ್ಲ ಕಡೆ ಕಾಣುತ್ತದೆ. ಒತ್ತಡದಿಂದ ನೂಕಿದ ನೀರನ್ನು ಸೋಸುವ ಒಳಗಿನ ಪೊರೆ ಸರಿಯಾಗಿದ್ದರೆ ಘಟಕ ನೈಟ್ರೇಟನ್ನೂ ಫ್ಲೋರೈಡನ್ನೂ ತೆಗೆಯುತ್ತದೆ. ಪೊರೆ ಬದಲಿಸದೆ ವರ್ಷಗಳಾದ ಘಟಕದ ನೀರೂ ತಿಳಿಯಾಗಿಯೇ ಇರುತ್ತದೆ ಎಂಬುದು ಒಂದು ತೊಡಕು. ಬೇರ್ಪಡಿಸಿದ ಉಪ್ಪಿನ ನೀರನ್ನು ಘಟಕದ ಹಿಂದಿನ ಚರಂಡಿಗೆ, ಅಲ್ಲಿಂದ ನೆಲಕ್ಕೆ ಬಿಡುವುದು ಇನ್ನೊಂದು.

ಜಲ ಜೀವನ್ ಮಿಷನ್ ಅಡಿ ಹಳ್ಳಿಗೆ ಐವರು ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆಯ ಬಳಕೆ ಕಲಿಸುವ ಏರ್ಪಾಡು ಇದೆ, ಮತ್ತು ಇದು ಆ ಯೋಜನೆಯ ಅತಿ ಒಳ್ಳೆಯ ಭಾಗ ಎಂದು ನಾನು ಭಾವಿಸಿದ್ದೇನೆ. ಆ ಪರೀಕ್ಷೆ ಯಾವಾಗ ನಡೆಯುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಲೆಕ್ಕ ಮುಗಿಸುವ ಮಾರ್ಚ್ ತಿಂಗಳಲ್ಲಿ, ಮೂರು ತಿಂಗಳಿಂದ ಮಳೆಯಿಲ್ಲದ ನೆಲದಲ್ಲಿ ಹಿಡಿದ ನೀರು ಎಂದಿಗಿಂತ ಚೆನ್ನಾಗಿರುವ ನೀರು. ರೋಗಾಣುವಿನ ಪರೀಕ್ಷೆಯನ್ನು ಮುಂಗಾರಿನ ಮೊದಲ ದೊಡ್ಡ ಮಳೆಯಾದ ಎರಡು ಮೂರು ದಿನದೊಳಗೆ, ನೈಟ್ರೇಟಿನದನ್ನು ನಾಲೆ ಬಿಟ್ಟು ಮೇಲುಗೊಬ್ಬರ ಹಾಕಿದ ಬಳಿಕ, ಫ್ಲೋರೈಡಿನದನ್ನು ನೀರು ಪಾತಾಳಕ್ಕಿಳಿದ ಕಡುಬೇಸಿಗೆಯಲ್ಲಿ ಮಾಡಿದರೆ ಬಾವಿಯ ನಿಜವಾದ ಗುಣ ಗೊತ್ತಾಗುತ್ತದೆ.

ಬಾವಿಯ ಬಾಯಿಗೆ ಬೇಕಾದ ಕಾವಲಿಗೆ ಹೊಸ ಕಾನೂನೇನೂ ಬೇಕಿಲ್ಲ. ಬೋರ್‌ಗೆ ಮಕ್ಕಳು ಬಿದ್ದು ಸತ್ತ ಘಟನೆಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೇ ಎಲ್ಲ ಇದೆ. ಕೇಸಿಂಗಿನ ಸುತ್ತ ನೆಲದಿಂದ 0.30 ಮೀಟರ್ ಮೇಲಕ್ಕೂ 0.30 ಮೀಟರ್ ಕೆಳಕ್ಕೂ ಕಾಂಕ್ರೀಟಿನ ಕಟ್ಟೆ ಇರಬೇಕು. ಕೈಬಿಟ್ಟ ಬೋರನ್ನು ಜೇಡಿ, ಮರಳು, ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಮಕ್ಕಳ ಜೀವ ಉಳಿಸಲು ಬರೆದ ಈ ಸಾಲುಗಳು ಅಕ್ಷರಕ್ಷರವೂ ಅಂತರ್ಜಲದ ರಕ್ಷಣೆಯ ಸಾಲುಗಳು. ಮಗು ಬಿದ್ದ ಸುದ್ದಿ ಬಂದ ವಾರ ಮಾತ್ರ ಇವು ನೆನಪಾಗುತ್ತವೆ, ಆಗಲೂ ಬಾಯಿಗೊಂದು ಮುಚ್ಚಳ ಬಿಗಿದರೆ ಕೆಲಸ ಮುಗಿಯಿತೆಂದುಕೊಳ್ಳುತ್ತೇವೆ. ಮಗುವಿಗೆ ಮುಚ್ಚಳ ಸಾಕು; ನೀರಿಗೆ ತಳದವರೆಗೆ ತುಂಬಿದ ಜೇಡಿ ಬೇಕು.

ಭಾಮೈದನ ತೋಟದಲ್ಲಿ ಕಳೆದ ಬೇಸಿಗೆಯಲ್ಲಿ ಇಷ್ಟು ಕೆಲಸವಾಯಿತು. ಕೇಸಿಂಗಿನ ಸುತ್ತ ನಾಲ್ಕಡಿ ಆಳ ತೋಡಿ, ಸಂದಿಗೆ ಇಳಿಯುವಷ್ಟು ಸಿಮೆಂಟಿನ ಗಂಜಿ ಹೊಯ್ದು, ಮೇಲೆ ಇಳಿಜಾರಿನ ಕಟ್ಟೆ ಕಟ್ಟಿಸಿದೆವು. ತಿಪ್ಪೆಯನ್ನು ಬೋರಿನ ಕೆಳಮಗ್ಗುಲಿಗೆ ಸಾಗಿಸಿದ. ಪಕ್ಕದವರು ಮೊದಲು ಗೊಣಗಿದರೂ ಕೆರೆಯ ಜೇಡಿಮಣ್ಣು ನಾವೇ ತರಿಸಿಕೊಟ್ಟ ಮೇಲೆ ಫೇಲಾದ ಬೋರನ್ನು ತುಂಬಲು ಒಪ್ಪಿದರು. ಒಂದು ಟ್ರ್ಯಾಕ್ಟರ್ ಲೋಡು ಮಣ್ಣು ಎಲ್ಲಿ ಹೋಯಿತೋ ಎನ್ನುವಂತೆ ಅದು ನುಂಗಿತು. ಮುಂಗಾರು ಹಿಡಿದ ಮೂರನೆಯ ದಿನ ಮತ್ತೆ ಎರಡು ಸೀಸೆ ನೀರು ಹಿಡಿದೆ. ಮೊದಲನೆಯದು ಎರಡು ದಿನ ಕಳೆದರೂ ಕಪ್ಪಾಗಲಿಲ್ಲ. ನೈಟ್ರೇಟಿನ ನಳಿಗೆಗೆ ಪುಡಿ ಹಾಕಿ ಅಲುಗಾಡಿಸಿ ಬಣ್ಣದ ಪಟ್ಟಿಯ ಪಕ್ಕ ಹಿಡಿದಾಗ ಅದು ಹಿಂದಿನ ವರ್ಷದಷ್ಟೇ ಗುಲಾಬಿಯಾಗಿತ್ತು, ಎಂದರೆ ನೈಟ್ರೇಟ್ ಇಳಿದಿರಲಿಲ್ಲ. ಸುತ್ತ ನಾಲ್ಕೂ ಕಡೆ ಕಬ್ಬು ಆಳೆತ್ತರಕ್ಕೆ ನಿಂತಿತ್ತು.